ಮಾಳಿಗೆಯ ಮೇಲೊಂದು ಮನೆ

ಬಳ್ಳಾರಿಯ ಸತ್ಯನಾರಾಯಣಪೇಟೆಯಂಥ ಹಳೆಯ ಬಡಾವಣೆಗಳಲ್ಲಿ ಮನೆ ಸಾಲದಾದಾಗ ಅದನ್ನೇ ಹಿಗ್ಗಿಸಿಕೊಳ್ಳುವುದು ವಾಡಿಕೆ. ಅಕ್ಕಪಕ್ಕದ ಗೋಡೆಗಳು ಒತ್ತಿಕೊಂಡಿರುವ ಕಡೆ ಬೆಳೆಯಲು ಉಳಿಯುವುದು ಎರಡೇ ದಿಕ್ಕು: ಹಿಂದೆ ಹಿತ್ತಲು, ಮೇಲೆ ಮಾಳಿಗೆ. ಹಿತ್ತಲು ಮೊದಲು ಮುಗಿಯುತ್ತದೆ, ಆಮೇಲೆ ಪಿಲ್ಲರುಗಳು ಏಳುತ್ತವೆ. ಇಂಥ ವಿಸ್ತರಣೆಯನ್ನು ಸಾಮಾನ್ಯವಾಗಿ ಅಳೆಯುವುದು ಎಷ್ಟು ಕೋಣೆ ಹೆಚ್ಚಿದವು ಎಂಬ ಲೆಕ್ಕದಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ, ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ ಊರಿಗೆ ಈ ಲೆಕ್ಕ ಸಾಲದು. ಹೆಚ್ಚಿದ ಕೋಣೆಗಳ ಪೈಕಿ ಮಧ್ಯಾಹ್ನ ಎಷ್ಟರಲ್ಲಿ ಕೂರಬಹುದು, ರಾತ್ರಿ ಎಷ್ಟರಲ್ಲಿ ಮಲಗಬಹುದು ಎಂದು ಕೇಳಿದರೆ ಹಲವು ವಿಸ್ತರಣೆಗಳ ಬೆಲೆ ಇಳಿಯುತ್ತದೆ.

ಈ ಸೀಮೆಯ ಹಳೆಯ ಮನೆ ಬಿಸಿಲಿಗೆ ಉತ್ತರವಾಗಿಯೇ ರೂಪುಗೊಂಡದ್ದು. ಸುತ್ತಲ ಗುಡ್ಡಗಳ ಕಲ್ಲಿನಿಂದ ಎದ್ದ ದಪ್ಪ ಗೋಡೆ, ತೊಲೆ ಜಂತೆಗಳ ಮೇಲೆ ಹಲಗೆ ಅಥವಾ ಚಪ್ಪಡಿ, ಅದರ ಮೇಲೆ ಅಡಿಯಷ್ಟು ಮಣ್ಣು, ಮಳೆನೀರು ಇಳಿಯದಂತೆ ಮೇಲುಗಡೆ ಸವುಳು ಮಣ್ಣಿನ ಪದರ. ಮದ್ರಾಸ್ ಪ್ರಾಂತ್ಯದ ಆಡಳಿತವಿದ್ದ ಕಾಲದಲ್ಲಿ ಉಳ್ಳವರ ಮನೆಗಳಿಗೆ ಮದ್ರಾಸ್ ತಾರಸಿಯೂ ಬಂತು: ಮರದ ಜಂತೆಗಳ ಮೇಲೆ ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿದ ತೆಳು ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಹಾಸು. ಎರಡೂ ಬಗೆಯಲ್ಲಿ ಹಗಲಿನ ಕಾವು ಒಳಗಿಳಿಯುವ ಹೊತ್ತಿಗೆ ಹೊರಗೆ ಸಂಜೆಯಾಗಿರುತ್ತದೆ. ಆಗ ಮಂದಿ ಮಾಳಿಗೆಗೋ ಜಗಲಿಗೋ ಹೊರಡುತ್ತಿದ್ದರು. ಪಡಸಾಲೆಯ ನಡುವೆ ಛಾವಣಿಯಲ್ಲಿ ಬಿಟ್ಟ ಗವಾಕ್ಷಿ ಬೆಳಕು ಕೊಡುತ್ತಿತ್ತು, ಮೇಲೇರಿದ ಬಿಸಿ ಗಾಳಿಗೆ ದಾರಿಯನ್ನೂ ಬಿಡುತ್ತಿತ್ತು. ಇದನ್ನು ಹೊಗಳುತ್ತ ಕೂರುವವರು ಪ್ರತಿ ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹೊತ್ತವರಲ್ಲ. ಗೆದ್ದಲು, ಸೋರಿಕೆ, ಇಲಿ, ಕತ್ತಲ ಒಳಕೋಣೆ, ಮನೆಯಿಂದ ದೂರದ ಬಚ್ಚಲು ಇವೆಲ್ಲ ಆ ಮನೆಯ ಭಾಗವೇ ಆಗಿದ್ದವು. ಬದಲಾವಣೆ ಬೇಕಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಬದಲಾವಣೆಗೆ ಒತ್ತಾಯ ಬರುವುದು ಬಹಳ ಸಲ ಜೀವನಶೈಲಿಯಿಂದಲ್ಲ, ಪಾಲಿನಿಂದ. ಅಣ್ಣತಮ್ಮಂದಿರು ಬೇರೆಯಾದಾಗ ಪಡಸಾಲೆಯ ನಟ್ಟನಡುವೆ ಒಂದು ಗೋಡೆ ಏಳುತ್ತದೆ. ಗವಾಕ್ಷಿ ಒಬ್ಬರ ಪಾಲಿಗೆ, ಜಗಲಿ ಇನ್ನೊಬ್ಬರ ಪಾಲಿಗೆ. ಉದ್ದನೆಯ ಅರ್ಧ ಮನೆಯಲ್ಲಿ ಕಿಟಕಿ ಇಡಲು ಮುಂದಿನ ಗೋಡೆ ಮತ್ತು ಹಿಂದಿನ ಗೋಡೆ ಬಿಟ್ಟು ಜಾಗವೇ ಇರುವುದಿಲ್ಲ. ಬೈಕು, ಕಾರು, ಮಕ್ಕಳ ಓದಿನ ಕೋಣೆ, ಬಾಡಿಗೆಯ ಆದಾಯ, ಕೆಳಗೆ ಅಂಗಡಿ ಅಥವಾ ದವಾಖಾನೆ, ಕೆಲವು ಓಣಿಗಳಲ್ಲಿ ಜೀನ್ಸ್ ಹೊಲಿಯುವ ಯಂತ್ರಗಳು ಇವೆಲ್ಲ ಈ ಅರ್ಧ ಮನೆಯ ಮೇಲೆ ಬಂದು ಕೂರುತ್ತವೆ.

ಮೇಲಂತಸ್ತಿನ ಮಾತು ಬಂದಾಗ ಮೇಸ್ತ್ರಿಗಳ ವಾದವೊಂದಿದೆ: ಅಡಿ ಮಣ್ಣು ಹೊತ್ತ ಗೋಡೆ ಸ್ಲ್ಯಾಬು ಹೊರಲಾರದೆ? ವಾದದಲ್ಲಿ ಅರ್ಧ ಸತ್ಯವಿದೆ. ಒಂದಡಿ ಮಣ್ಣು ಚದರ ಮೀಟರಿಗೆ ಸುಮಾರು 500 ಕೆ.ಜಿ. ತೂಗುತ್ತದೆ. ಐದಿಂಚಿನ ಕಾಂಕ್ರೀಟು ಸುಮಾರು 300. ಛಾವಣಿಯನ್ನಷ್ಟೇ ಬದಲಿಸುವುದಾದರೆ ಭಾರ ಇಳಿದೀತು. ಸ್ಲ್ಯಾಬಿನ ಮೇಲೆ ಮನೆ ಎದ್ದಾಗ ಲೆಕ್ಕ ತಿರುಗುತ್ತದೆ: ಹತ್ತಡಿ ಎತ್ತರದ ಒಂಬತ್ತಿಂಚಿನ ಇಟ್ಟಿಗೆ ಗೋಡೆಯೊಂದೇ ಉದ್ದದ ಪ್ರತಿ ಮೀಟರಿಗೆ 1,300 ಕೆ.ಜಿ. ಇಳಿಸುತ್ತದೆ, ಸಾವಿರ ಲೀಟರಿನ ಟ್ಯಾಂಕು ಒಂದೇ ಮೂಲೆಗೆ ಒಂದು ಟನ್ನು ಸೇರಿಸುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆ ಇದನ್ನು ತಾಳುತ್ತದೆಂದು ಕಣ್ಣಳತೆಯಲ್ಲಿ ಹೇಳಲಾಗದು. ಹಳೆಯ ಗೋಡೆಗೆ ಭಾರ ತಾಗದಂತೆ ಸ್ವಂತ ಪಾಯದ ಪಿಲ್ಲರುಗಳ ಮೇಲೆ ಹೊಸ ಅಂತಸ್ತನ್ನು ನಿಲ್ಲಿಸುವುದೇ ಸರಿಯಾದ ಕ್ರಮ. ದುಬಾರಿ, ನಿಜ. ಆದರೆ ಪಾಯ ಮಣ್ಣಿನಲ್ಲಿ ಹೂತು ಕಾಣದಿರುವುದರಿಂದ ಖರ್ಚು ಇಳಿಸಬೇಕಾದಾಗ ಕತ್ತರಿ ಬೀಳುವುದು ಅದಕ್ಕೇ, ಮುಂಭಾಗದ ಗ್ರಾನೈಟಿಗಲ್ಲ.

ಕಾವಿನ ಪ್ರಶ್ನೆ ಇದಕ್ಕಿಂತ ನಿತ್ಯದ್ದು. ಐದಿಂಚಿನ ಸ್ಲ್ಯಾಬು ಕೆಲವೇ ಗಂಟೆಗಳಲ್ಲಿ ಬಿಸಿಲನ್ನು ಒಳಗೆ ದಾಟಿಸುತ್ತದೆ, ಸಂಜೆಯ ಮೇಲೂ ಕಾವು ಉಗುಳುತ್ತಲೇ ಇರುತ್ತದೆ. ಅದೇ ಬಿಸಿಲಿಗೆ ಹಿಗ್ಗಿ ಕುಗ್ಗಿ ಗೋಡೆ ಕೂಡುವ ಕಡೆ ಅಡ್ಡ ಬಿರುಕನ್ನೂ ತೆರೆಯುತ್ತದೆ. ಈ ಕಾವಿನಿಂದಾಗಿ ಹೊಸ ಮಲಗುವ ಕೋಣೆಗೆ ಏಸಿ ಅನಿವಾರ್ಯವಾಗುತ್ತದೆ, ಏಸಿಗಾಗಿ ಕಿಟಕಿ ಮುಚ್ಚುತ್ತದೆ, ಅದರ ಹೊರಪೆಟ್ಟಿಗೆ ಪಕ್ಕದ ಮನೆಯ ಕಿಟಕಿಗೆ ಬಿಸಿ ಊದುತ್ತದೆ. ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರು ಸುಣ್ಣದ ಹಾಸು, ಅದರ ಮೇಲೆ ಬಿಳಿ ಹೆಂಚುಬಿಲ್ಲೆ, ಅದಕ್ಕೂ ಕೈಲಾಗದವರಿಗೆ ವರ್ಷಕ್ಕೊಂದು ಬಾರಿ ದಪ್ಪನೆಯ ಸುಣ್ಣ ಇವೆಲ್ಲ ಗೊತ್ತಿರುವ ಕೆಲಸಗಳೇ. ಗೃಹಪ್ರವೇಶಕ್ಕೆ ಬಂದವರು ಮಾಳಿಗೆ ಹತ್ತಿ ನೋಡುವುದಿಲ್ಲ, ಹಾಗಾಗಿ ಅವು ಮುಂದಿನ ವರ್ಷಕ್ಕೆ ಹೋಗುತ್ತವೆ.

ಇಡೀ ಪದ್ಧತಿಯ ದೊಡ್ಡ ತಪ್ಪು ಗವಾಕ್ಷಿಯನ್ನು ಮುಚ್ಚುವುದು. ಮೇಲೆ ಕೋಣೆ ಬರುವಾಗ ಆ ನಾಲ್ಕಡಿ ಕಿಂಡಿ ವ್ಯರ್ಥ ಜಾಗದಂತೆ ಕಾಣುತ್ತದೆ. ಮುಚ್ಚಿದ ಮೇಲೆ ನಡುಮನೆಗೆ ಹಗಲಲ್ಲೂ ದೀಪ ಬೇಕು. ಕಿರಿದಾದ, ಒತ್ತಿಕೊಂಡ ಮನೆಯಲ್ಲಿ ಬೇರೆ ದಾರಿಯಿಲ್ಲ ಎಂಬ ಮಾತಿಗೆ ಕೊಲಂಬೊದಲ್ಲಿ ಉತ್ತರವಿದೆ. ವಾಸ್ತುಶಿಲ್ಪಿ ಜೆಫ್ರಿ ಬಾವಾ 1958ರಲ್ಲಿ ಅಲ್ಲಿನ 33ನೇ ಓಣಿಯಲ್ಲಿ ಸಾಲಾಗಿದ್ದ ನಾಲ್ಕು ಸಣ್ಣ ಮನೆಗಳಲ್ಲಿ ಒಂದನ್ನು ಹಿಡಿದು, ಮುಂದಿನ ಹತ್ತು ವರ್ಷಗಳಲ್ಲಿ ಉಳಿದವನ್ನೂ ಸೇರಿಸಿಕೊಂಡು ಒಂದೇ ಮನೆ ಮಾಡಿದ. ಹೊಸದಾಗಿ ಕೂಡಿಸಿದ ಕಡೆಯಲ್ಲೆಲ್ಲ ಆತ ಸಣ್ಣ ಅಂಗಳ, ಬೆಳಕಿನ ಬಾವಿಗಳನ್ನು ಬಿಟ್ಟ. ಬಾವಾನಿಗೆ ನಾಲ್ಕು ಮನೆ ದಕ್ಕಿದ್ದವು, ಪೇಟೆಯ ಕುಟುಂಬಕ್ಕೆ ಅರ್ಧ ಮನೆ. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಕೋಣೆಯಷ್ಟೇ ಬೆಲೆ ತೆರಪಿಗೂ ಇದೆ ಎಂಬ ಲೆಕ್ಕ ಮಾತ್ರ ಎರಡೂ ಕಡೆ ಒಂದೇ. ಗವಾಕ್ಷಿಯನ್ನು ಮೇಲಂತಸ್ತಿನ ಮೂಲಕ ಹಾಯಿಸಿ, ತುದಿಗೆ ಗಾಜು, ಪಕ್ಕಕ್ಕೆ ಜಾಲರಿ ಇಟ್ಟರೆ ಅದೇ ಬಾವಿಯ ಸುತ್ತ ಮೆಟ್ಟಿಲನ್ನೂ ತಿರುಗಿಸಬಹುದು.

ಒಳಗಿನ ತಿದ್ದುಪಡಿಗಳಲ್ಲಿ ಬಚ್ಚಲು ಮನೆಯೊಳಗೆ ಬಂದದ್ದು ನಿಸ್ಸಂದೇಹವಾಗಿ ಒಳ್ಳೆಯದು. ರಾತ್ರಿ ಹಿತ್ತಲಿಗೆ ನಡೆಯಬೇಕಿದ್ದ ಮುದುಕರನ್ನೂ ಬಾಣಂತಿಯರನ್ನೂ ಕೇಳಿದರೆ ಸಾಕು. ಆದರೆ ಮಣ್ಣುಗಾರೆಯ ಗೋಡೆಗೆ ಕೊಳವೆ ಹುಗಿದು ಮೇಲೆ ಸಿಮೆಂಟ್ ಬಳಿದಾಗ ಸೋರಿದ ನೀರು ಹೊರಗೆ ಆರಲಾರದೆ ಗೋಡೆಯನ್ನೇ ತಿನ್ನುತ್ತದೆ. ನಲ್ಲಿ ನೀರು ದಿನಾ ಬಾರದ ಊರಿನಲ್ಲಿ ಸಂಪು ಬೇಕೇ ಬೇಕು. ಅದನ್ನು ಹಳೆಯ ಪಾಯಕ್ಕೆ ತಾಗಿಸಿ ತೋಡುವುದು ಮಾತ್ರ ಮನೆಯ ಕಾಲಡಿಯನ್ನೇ ಕೊರೆದಂತೆ. ಫ್ಲ್ಯಾಟುಗಳಿಂದ ಬಂದ ತೆರೆದ ಅಡುಗೆಮನೆಯದು ಬೇರೆ ಕತೆ. ರೊಟ್ಟಿ ಬಡಿಯುವ, ಒಗ್ಗರಣೆಯ ಘಾಟು ಏಳುವ ಮನೆಯಲ್ಲಿ ಅದು ಚಹಾ ಕಾಯಿಸುವ ಜಾಗವಾಗಿ ಉಳಿದು, ನಿಜವಾದ ಅಡುಗೆ ಹಿಂದಿನ ತಗಡಿನ ಶೀಟಿನ ಕೆಳಗೆ, ಎಲ್ಲಕ್ಕಿಂತ ಬಿಸಿಯಾದ ಮೂಲೆಯಲ್ಲಿ ನಡೆಯುತ್ತದೆ. ಯಾರ ಜೀವನಶೈಲಿಗೆ ಮನೆ ಹೊಂದಿಕೊಂಡಿತು ಎಂಬುದು ಅಲ್ಲಿ ತಿಳಿಯುತ್ತದೆ.

ಸಿರುಗುಪ್ಪ, ಕುರುಗೋಡು ಕಡೆಯ ಎರೆಮಣ್ಣಿನಲ್ಲಿ ತೊಡಕು ಇನ್ನೊಂದು. ನೀರು ಕುಡಿದು ಉಬ್ಬುವ, ಒಣಗಿ ಬಿರಿಯುವ ಈ ನೆಲದಲ್ಲಿ ಕಾಲುವೆ ನೀರಾವರಿ ಬಂದ ಮೇಲೆ ತೇವದ ಏರಿಳಿತವೂ ಬದಲಾಗಿದೆ. ಹಳೆಯ ಮನೆ ಕುಸಿಯುವಷ್ಟು ಕುಸಿದು ನೆಲೆ ನಿಂತಿರುತ್ತದೆ, ಹೊಸ ಕೋಣೆ ಇನ್ನು ಮೇಲೆ ಕುಸಿಯಬೇಕು. ಎರಡನ್ನೂ ಕಚ್ಚಿಸಿ ಕಟ್ಟಿದರೆ ಕೂಡಿದ ಕಡೆ ಬಿರುಕು ಖಚಿತ. ನಡುವೆ ತೆಳು ಸಂದು ಬಿಟ್ಟು ಮುಚ್ಚುಪಟ್ಟಿ ಹೊಡೆಯುವುದು, ಹೊಸ ಪಾಯವನ್ನು ಗಟ್ಟಿ ಪದರದವರೆಗೆ ಇಳಿಸುವುದು ಇಲ್ಲಿ ಐಚ್ಛಿಕವಲ್ಲ.

ಕೊನೆಗೆ ಉಳಿಯುವುದು ಮೆಟ್ಟಿಲು. ಬಾಡಿಗೆಯ ಆಸೆಗೆ ಅದನ್ನು ಹೊರಗಿಟ್ಟರೆ ಮಗ ಸೊಸೆ ಮೇಲಿನ ಬೆಳಕಿನಲ್ಲಿ, ತಂದೆತಾಯಿ ಕೆಳಗಿನ ಕತ್ತಲಲ್ಲಿ, ಊಟಕ್ಕೂ ಬೀದಿ ದಾಟಿದಂತೆ ಓಡಾಟ. ಒಳಗಿಟ್ಟರೆ ಮನೆ ಒಂದಾಗಿರುತ್ತದೆ, ಬಾಡಿಗೆಗೆ ಕೊಡುವುದು ಕಷ್ಟ. ಒಳಬಾಗಿಲ ಪಕ್ಕದಲ್ಲೇ ಮೆಟ್ಟಿಲಿಟ್ಟು, ಬೇಕಾದಾಗ ಒಂದು ಬಾಗಿಲು ಕೂಡಿಸಿ ಬೇರ್ಪಡಿಸುವ ಯೋಜನೆಗಳು ಎರಡಕ್ಕೂ ಒದಗುತ್ತವೆ. ಇದು ಸೆಂಟ್ರಿಂಗ್ ಹೊಡೆಯುವ ಮುನ್ನವೇ ನಕ್ಷೆಯಲ್ಲಿ ತೀರ್ಮಾನವಾಗಬೇಕಾದ ವಿಷಯ. ಕಂಬಿ ಕಟ್ಟಿ ಕಾಂಕ್ರೀಟು ಸುರಿದ ಮೇಲೆ ಸ್ಲ್ಯಾಬನ್ನು ಕೊರೆದು ಮೆಟ್ಟಿಲಿಗೆ ದಾರಿ ಮಾಡುವುದು ಖರ್ಚಿನದ್ದೂ ಹೌದು, ಅಪಾಯದ್ದೂ ಹೌದು.