ಅಪುವಿಗೆ ನೆಲೆಯಾದ ತಾಯಿ, ತಾಯಿಗಿಲ್ಲದ ನೆಲೆ

ಕಾಶಿಯ ಗೋದೌಲಿಯಾ ಚೌಕದಿಂದ ದಶಾಶ್ವಮೇಧ ಘಾಟಿನ ಕಡೆಗೆ ಇಳಿಯುವ ರಸ್ತೆಯ ಆಸುಪಾಸಿನ ಗಲ್ಲಿಗಳಲ್ಲಿ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳ ಬಂಗಾಲಿ ಟೋಲಾ ಇದೆ. ಅಲ್ಲಿಂದ ಅನತಿ ದೂರದಲ್ಲಿ ಕನ್ನಡಿಗರಿಗೆ ಚಿರಪರಿಚಿತವಾದ ಜಂಗಮವಾಡಿ ಮಠವಿದೆ. ಸತ್ಯಜಿತ್ ರಾಯ್ ಅವರು 1956ರಲ್ಲಿ ತೆರೆಗೆ ತಂದ ‘ಅಪರಾಜಿತೊ’ ಚಿತ್ರದ ಮೊದಲ ಭಾಗ ನಡೆಯುವುದು ಇಂಥದೇ ಗಲ್ಲಿ ಮತ್ತು ಘಾಟುಗಳ ನಡುವೆ, 1920ರ ಕಾಶಿಯಲ್ಲಿ. ಬಿಭೂತಿಭೂಷಣ ಬಂದೋಪಾಧ್ಯಾಯರ ಕಾದಂಬರಿಗಳನ್ನು ಆಧರಿಸಿದ, 1957ರಲ್ಲಿ ವೆನಿಸ್ ಚಿತ್ರೋತ್ಸವದ ಸ್ವರ್ಣಸಿಂಹ ಪ್ರಶಸ್ತಿ ಪಡೆದ ಈ ಚಿತ್ರವನ್ನು ಕಲಾಕೃತಿಯಾಗಿ ಮೆಚ್ಚಿದವರು ಅಸಂಖ್ಯ. ಆದರೆ ತಾಯಿ–ಮಗುವಿನ ಬಾಂಧವ್ಯ ಮಗುವಿನ ಬೆಳವಣಿಗೆಯನ್ನು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡಿದಾಗ, ಆ ಕಾಲದ ಮನೋವಿಜ್ಞಾನ ಇನ್ನೂ ಕೇಳದಿದ್ದ ಒಂದು ಪ್ರಶ್ನೆಯನ್ನು ಇದು ಕೇಳುತ್ತಿರುವುದು ಗೋಚರಿಸುತ್ತದೆ.

ಬಾಂಧವ್ಯ ಸಿದ್ಧಾಂತ ಎಂದು ಇಂದು ಕರೆಯಲಾಗುವ ಚಿಂತನೆ ರೂಪುಗೊಳ್ಳುತ್ತಿದ್ದುದು ಇದೇ ದಶಕದಲ್ಲಿ. ಬ್ರಿಟಿಷ್ ಮನೋವೈದ್ಯ ಜಾನ್ ಬೋಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ಅನ್ನ ಮತ್ತು ಆಶ್ರಯದಷ್ಟೇ ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿ ನಿಂತವರ ಬೆಚ್ಚಗಿನ, ನಿರಂತರ ಒಡನಾಟವೂ ಅಗತ್ಯವೆಂದು ವಾದಿಸಿದರು. ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ ಉಗಾಂಡಾದ ಹಳ್ಳಿಗಳಲ್ಲಿ ತಾಯಿ–ಮಕ್ಕಳನ್ನು ಗಮನಿಸಿ, ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ‘ಅಪರಿಚಿತ ಸನ್ನಿವೇಶ’ ಎಂಬ ಪರೀಕ್ಷಾಕ್ರಮವನ್ನು ರೂಪಿಸಿದರು. ಸುಮಾರು ಒಂದು ವರ್ಷದ ಮಗುವನ್ನು ಹೊಸ ಕೋಣೆಯಲ್ಲಿ ಕೆಲವು ನಿಮಿಷ ತಾಯಿಯಿಂದ ಬೇರ್ಪಡಿಸಿ, ತಾಯಿ ಮರಳಿದಾಗ ಮಗು ಹೇಗೆ ವರ್ತಿಸುತ್ತದೆಂದು ನೋಡುವುದು ಇದರ ಬಗೆ. ಅಗಲಿಕೆಯಲ್ಲಿ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಮರಳಿದ ತಾಯಿಯಿಂದ ಅದು ಸಮಾಧಾನ ಪಡೆದು ಮತ್ತೆ ಆಟಕ್ಕೆ ಹೊರಳಿತೇ ಎಂಬುದೇ ಇಲ್ಲಿ ಮುಖ್ಯ. ಹಾಗೆ ಹೊರಳುವ ಮಗುವಿಗೆ ತಾಯಿ ‘ಸುರಕ್ಷಿತ ನೆಲೆ’, ಅಂದರೆ ಹೊರಲೋಕವನ್ನು ಧೈರ್ಯವಾಗಿ ಅರಸಲು ಹೊರಡುವ ಮತ್ತು ಭಯವಾದಾಗ ಮರಳುವ ತಾಣ. ಬಾಂಧವ್ಯ ಗಟ್ಟಿಯಾಗಿದ್ದಷ್ಟೂ ಮಗು ದೂರ ಹೋಗಬಲ್ಲದು ಎಂಬುದು ಸಿದ್ಧಾಂತದ ತಿರುಳು.

ಈ ತಿರುಳನ್ನು ‘ಅಪರಾಜಿತೊ’ ಮಾತಿಲ್ಲದೆ ತೋರಿಸುತ್ತದೆ. ಹತ್ತು ವರ್ಷದ ಆಸುಪಾಸಿನ ಅಪು ಗಲ್ಲಿಗಳಲ್ಲಿ, ಘಾಟಿನ ಮೆಟ್ಟಿಲುಗಳಲ್ಲಿ ಮನಬಂದಂತೆ ಅಲೆಯುತ್ತಾನೆ; ತಂದೆ ಹರಿಹರ ಪುರಾಣ ಓದುವುದನ್ನು ದೂರದಿಂದ ನೋಡಿ ಮುಂದೆ ಸಾಗುತ್ತಾನೆ. ತಾಯಿ ಸರ್ವಜಯಾ ಮಾತ್ರ ಮೇಲಿನಿಂದ ಬೆಳಕು ಇಳಿಯುವ ಅಂಗಳದ ಮನೆಯನ್ನು ಬಿಟ್ಟು ಹೊರಬರುವುದು ವಿರಳ. ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಈ ಅಂಗಳವನ್ನು ಕಲ್ಕತ್ತದ ಸ್ಟುಡಿಯೋದಲ್ಲಿ ನಿರ್ಮಿಸಿದರೆ, ಛಾಯಾಗ್ರಾಹಕ ಸುಬ್ರತೊ ಮಿತ್ರ ಬಟ್ಟೆಯ ಮೇಲೆ ಬೆಳಕು ಬೀಳಿಸಿ ಅದು ಚದುರಿ ಇಳಿಯುವಂತೆ ಮಾಡಿ, ನಿಜವಾದ ಮನೆಯ ನೆರಳಿಲ್ಲದ ಹಗಲನ್ನು ಮೂಡಿಸಿದರು. ಈ ತಾಂತ್ರಿಕ ಆಯ್ಕೆ ಚಿತ್ರದ ಅರ್ಥಕ್ಕೂ ಸೇರಿದೆ: ಮಗನಿಗೆ ಇಡೀ ಊರು ತೆರೆದಿರುವಾಗ ತಾಯಿಗೆ ತೆರೆದಿರುವುದು ಆ ಚೌಕ ಆಕಾಶ ಮಾತ್ರ. ಹರಿಹರ ತೀರಿಕೊಳ್ಳುವ ಮೊದಲೇ, ಅವನು ಜ್ವರದಲ್ಲಿ ಮಲಗಿರುವಾಗ, ಮೇಲ್ಮಹಡಿಯ ಬಾಡಿಗೆದಾರ ಅಡುಗೆಮನೆಗೆ ಕಾಲಿಟ್ಟಾಗ ಆಕೆ ಈಳಿಗೆಯನ್ನೆತ್ತಿ ಅವನನ್ನು ಹೊರದೂಡಬೇಕಾಗುತ್ತದೆ. ಮಗನಿಗೆ ಸುರಕ್ಷಿತ ನೆಲೆಯಾದವಳು ತನ್ನ ಮನೆಯೊಳಗೇ ಸುರಕ್ಷಿತಳಲ್ಲ.

ಗಂಡನ ಸಾವಿನ ನಂತರ ಸರ್ವಜಯಾ ಶ್ರೀಮಂತರ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ಮನೆಯ ಯಜಮಾನನ ಸೇವೆ ಮಾಡಿ ಮಗ ಚಿಲ್ಲರೆ ಕಾಸು ಪಡೆಯುತ್ತಿರುವುದು, ಅವನು ಹುಕ್ಕಾ ಹೊತ್ತಿಸಿ ಕೊಡಲು ಓಡಾಡುವುದು ಆಕೆಯ ಕಣ್ಣಿಗೆ ಬೀಳುತ್ತದೆ. ಮೆಟ್ಟಿಲ ಮೇಲೆ ನಿಂತು ಅದನ್ನು ನೋಡುವ ಆಕೆಯ ಮುಖದಲ್ಲಿ ನಿರ್ಧಾರ ಗಟ್ಟಿಯಾಗುತ್ತದೆ; ಕರುಣಾ ಬ್ಯಾನರ್ಜಿ ಅವರ ಅಭಿನಯ ಇಲ್ಲಿ ಒಂದು ಮಾತನ್ನೂ ಬಳಸುವುದಿಲ್ಲ. ನೌಕರಿ ಬಿಟ್ಟು, ದೂರದ ಸಂಬಂಧಿಯೊಬ್ಬನ ಜೊತೆ ಮಗನನ್ನು ಕರೆದುಕೊಂಡು ಬಂಗಾಳದ ಹಳ್ಳಿಗೆ ಹೊರಡುವುದರ ಹಿಂದಿನ ಕಾರಣ ಇದೇ. ಮಗು ಏನಾಗಬಾರದು ಎಂಬುದನ್ನು ಕಂಡುಕೊಂಡು ತನ್ನ ಬದುಕನ್ನೇ ಬದಲಿಸುವ ಈ ಸೂಕ್ಷ್ಮತೆಯನ್ನು ಐನ್ಸ್‌ವರ್ತ್ ಸಂವೇದನಶೀಲ ಪಾಲನೆ ಎಂದು ಕರೆದಿದ್ದರು: ಮಗುವಿನ ಸೂಚನೆಯನ್ನು ಗುರುತಿಸಿ, ಸರಿಯಾಗಿ ಅರ್ಥೈಸಿ, ತಡಮಾಡದೆ ಸ್ಪಂದಿಸುವ ಗುಣ.

ಚಿತ್ರದ ಅತ್ಯುತ್ತಮ ಪ್ರಸಂಗ ಹಳ್ಳಿಯ ರೈಲು ನಿಲ್ದಾಣದ್ದು. ಕಲ್ಕತ್ತದಲ್ಲಿ ಓದುತ್ತಾ ರಾತ್ರಿ ಮುದ್ರಣಾಲಯದಲ್ಲಿ ದುಡಿಯುವ ಅಪು ರಜೆಗೆ ಬಂದಿದ್ದಾನೆ. ತಾಯಿ ತನ್ನ ಕಾಯಿಲೆಯ ಬಗ್ಗೆ, ಮುಂದೆ ಅವನು ತನ್ನನ್ನು ನೋಡಿಕೊಳ್ಳುವನೇ ಎಂಬ ಬಗ್ಗೆ ಮಾತನಾಡುತ್ತಿರುವಾಗಲೇ ಅವನಿಗೆ ನಿದ್ದೆ ಹತ್ತುತ್ತದೆ. ಮರಳುವ ದಿನ ಬೆಳಗ್ಗೆ ಬೇಗ ಎಬ್ಬಿಸಬೇಕೆಂದು ಹೇಳಿ ಮಲಗಿದವನನ್ನು ತಾಯಿ ತಡವಾಗಿ ಎಬ್ಬಿಸುತ್ತಾಳೆ. ಅವನು ಸಿಡುಕುತ್ತಾ ಹೊರಡುತ್ತಾನೆ. ನಿಲ್ದಾಣದಲ್ಲಿ ರೈಲು ಬಂದು ನಿಂತರೂ ಹತ್ತದೆ ಮನೆಗೆ ಹಿಂದಿರುಗಿ, ರೈಲು ತಪ್ಪಿತೆಂದು ಹೇಳುತ್ತಾನೆ. ತಾಯಿ ತಾನು ಮಗನನ್ನು ಹಿಡಿದಿಟ್ಟುಕೊಂಡದ್ದನ್ನು ಒಪ್ಪಿಕೊಳ್ಳುವುದಿಲ್ಲ, ಮಗ ತಾನಾಗಿ ಉಳಿದದ್ದನ್ನು ಬಾಯಿಬಿಡುವುದಿಲ್ಲ. ಬೋಲ್ಬಿ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಗು ಬೆಳೆದಂತೆ ಬಾಂಧವ್ಯ ಪಾಲುದಾರಿಕೆಯಾಗುತ್ತದೆ, ಇನ್ನೊಬ್ಬರ ಬಯಕೆಯನ್ನು ಊಹಿಸಿ ತನ್ನ ಬಯಕೆಯನ್ನು ಅದಕ್ಕೆ ಹೊಂದಿಸಿಕೊಳ್ಳುವ ಶಕ್ತಿ ಮಗುವಿಗೆ ಬರುತ್ತದೆ ಎಂದು ವಿವರಿಸಿದರು. ಆ ವಿವರಣೆಗೆ ಹದಿಮೂರು ವರ್ಷ ಮುಂಚೆಯೇ ರಾಯ್ ಅದನ್ನು ಒಂದು ಸಣ್ಣ ಸುಳ್ಳಿನಲ್ಲಿ ತೋರಿಸಿದ್ದರು.

ಆದರೆ ಸಿದ್ಧಾಂತಕ್ಕಿಂತ ಚಿತ್ರ ಮುಂದೆ ಹೋಗುವುದು ಇದರ ನಂತರ. ಮಗನ ಪರೀಕ್ಷೆಗೆ ಅಡ್ಡಿಯಾಗಬಾರದೆಂದು ಸರ್ವಜಯಾ ತನ್ನ ಕಾಯಿಲೆಯ ಸುದ್ದಿಯನ್ನು ಮುಚ್ಚಿಡುತ್ತಾಳೆ. ನೆರೆಯವಳ ಪತ್ರ ಓದಿ ಅಪು ಓಡಿಬರುವಷ್ಟರಲ್ಲಿ ಆಕೆ ಇಲ್ಲ. ಬಾಂಧವ್ಯ ಸಿದ್ಧಾಂತ ಪ್ರಧಾನವಾಗಿ ಕೇಳುವುದು ಮಗುವಿಗೆ ನೆಲೆ ಯಾರು ಎಂದು. ನೆಲೆಯಾದವಳಿಗೆ ನೆಲೆ ಯಾರು ಎಂದು ‘ಅಪರಾಜಿತೊ’ ಕೇಳುತ್ತದೆ. ಮಗಳು ದುರ್ಗಾಳನ್ನು ಹಿಂದಿನ ಚಿತ್ರ ‘ಪಥೇರ್ ಪಾಂಚಾಲಿ’ಯಲ್ಲೇ ಕಳೆದುಕೊಂಡ, ಕಾಶಿಯಲ್ಲಿ ಗಂಡನನ್ನು ಕಳೆದುಕೊಂಡ, ತವರಾಗಲಿ ಹತ್ತಿರದ ಬಂಧುಬಳಗವಾಗಲಿ ಆಸರೆಗಿಲ್ಲದ ಹೆಣ್ಣು ಉಳಿದೊಬ್ಬ ಮಗನಿಗೆ ಅಂಟಿಕೊಳ್ಳುವುದನ್ನು ಮಮತೆಯ ಅತಿರೇಕವೆಂದು ಕರೆಯುವುದು ಅನ್ಯಾಯ. ಒಡಹುಟ್ಟಿದವರು, ಅಜ್ಜಿ, ಚಿಕ್ಕಮ್ಮ, ನೆರೆಹೊರೆ ಎಲ್ಲರೂ ಹಂಚಿಕೊಳ್ಳಬೇಕಾದ ಭಾರ ಒಬ್ಬ ಹುಡುಗನ ಹೆಗಲಿಗೆ ಬಿದ್ದದ್ದು ಇಲ್ಲಿನ ದುರಂತ. ಕಾದಂಬರಿಯಲ್ಲಿ ತಾಯಿಯ ಸಾವಿನ ಸುದ್ದಿ ತಿಳಿದಾಗ ಅಪುವಿನ ಮನಸ್ಸಿನಲ್ಲಿ ಮೊದಲು ಹಾಯುವುದು ಬಿಡುಗಡೆಯ ಭಾವ. ಚಿತ್ರದಲ್ಲಿ ಅವನು ಅಳುತ್ತಾನೆ, ಆದರೆ ಕರ್ಮಾಂತರಗಳನ್ನು ಕಲ್ಕತ್ತದಲ್ಲೇ ಮಾಡುವೆನೆಂದು ಹೊರಟೇ ಬಿಡುತ್ತಾನೆ. ತಾಯಿ–ಮಗನ ಈ ಚಿತ್ರಣವನ್ನು ಅಂದಿನ ಬಂಗಾಳಿ ಪ್ರೇಕ್ಷಕರು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಆ ಹೊರಡುವಿಕೆ ಕೃತಘ್ನತೆಯಲ್ಲ ಎಂಬುದನ್ನು ಚಿತ್ರ ಆದಿಯಿಂದಲೂ ಸಿದ್ಧಪಡಿಸಿದೆ: ದೂರ ಹೋಗುವ ಧೈರ್ಯವನ್ನು ಅವನಿಗೆ ಕೊಟ್ಟವಳು ಆ ತಾಯಿಯೇ.

ಚಿತ್ರದ ಕೊರತೆಗಳನ್ನೂ ಹೇಳಬೇಕು. ತಂದೆ–ಮಗನ ನಂಟು ತೀರಾ ತೆಳುವಾಗಿದೆ. ಸಾಯುತ್ತಿರುವ ತಂದೆಗೆ ಗಂಗೆಯ ನೀರು ತರಲು ನಸುಕಿನಲ್ಲಿ ಓಡುವ ಬಾಲಕನ ದುಃಖ ಮುಂದೆ ಏನಾಯಿತು ಎಂಬುದನ್ನು ಚಿತ್ರ ಹೆಚ್ಚು ಹಿಂಬಾಲಿಸುವುದಿಲ್ಲ. ಬಾಲಕ ತರುಣನಾಗುವ ವರ್ಷಗಳು ಪಾಠಶಾಲೆಯ ಕೆಲವೇ ದೃಶ್ಯಗಳಲ್ಲಿ ಸರಿದುಹೋಗುತ್ತವೆ. ಬಾಂಧವ್ಯ ನಿಧಾನವಾಗಿ ರೂಪ ಬದಲಿಸುವ ಕಾಲ ಅದೇ ಆದ್ದರಿಂದ ಈ ಜಿಗಿತ ಒಂದು ನಷ್ಟ.

ತಾಯಿ–ಮಕ್ಕಳ ಅಗಲಿಕೆಯ ಪ್ರಶ್ನೆ ಕನ್ನಡದ ಓದುಗರಿಗೆ ದೂರದ್ದಲ್ಲ. ಜಂಗಮವಾಡಿ ಮಠದ ವಿಶ್ವಾರಾಧ್ಯ ಗುರುಕುಲ 2020ರಲ್ಲಿ ಶತಮಾನೋತ್ಸವದ ಸಮಾರೋಪ ಆಚರಿಸಿತು. ತಾಯ್ತಂದೆಯರಿಂದ ದೂರವಿದ್ದು ಕಲಿಯುವ ಪದ್ಧತಿಗೆ ಗೋದೌಲಿಯಾದಲ್ಲೇ ಇಷ್ಟು ದೀರ್ಘ ಇತಿಹಾಸವಿದೆ. ಕರ್ನಾಟಕದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ನವೋದಯ ವಿದ್ಯಾಲಯಗಳಿಗೂ ಮಕ್ಕಳು ಆರನೇ ತರಗತಿಗೇ ಸೇರುತ್ತಾರೆ. ಅಪು ಕಲ್ಕತ್ತಕ್ಕೆ ಹೋಗುವ ಹೊತ್ತಿಗೆ ತರುಣ; ಹೋಗಬೇಕೆಂಬ ಹಂಬಲವೂ ಅವನದೇ. ಆದ್ದರಿಂದ ಎಳೆಯ ಮಕ್ಕಳ ಅಗಲಿಕೆಯನ್ನು ಸಮರ್ಥಿಸಲು ಈ ಚಿತ್ರ ಆಧಾರವಾಗಲಾರದು. ಅಂಥ ಮಕ್ಕಳಿಗೆ ತಾಯಿಯ ಸ್ಥಾನದಲ್ಲಿ ನಿಲ್ಲುವ, ವರ್ಷವರ್ಷಕ್ಕೂ ಬದಲಾಗದ ಒಬ್ಬ ಹಿರಿಯರು ವಸತಿ ಶಾಲೆಯಲ್ಲಿ ಇರಲೇಬೇಕು.

ಮಕ್ಕಳನ್ನು ದೂರ ಕಳುಹಿಸಿ ಹಳ್ಳಿಗಳಲ್ಲಿ ಒಂಟಿಯಾಗಿ ಉಳಿದ ತಾಯಂದಿರ ನಾಡು ಕರ್ನಾಟಕವೂ ಹೌದು. ಗಟ್ಟಿ ಬಾಂಧವ್ಯ ಮಗುವಿಗೆ ರೆಕ್ಕೆ ಕೊಡುತ್ತದೆ ಎಂಬ ಮಾತನ್ನು ‘ಅಪರಾಜಿತೊ’ ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಸ್ಥಾಪಿಸುತ್ತದೆ. ಆ ರೆಕ್ಕೆಯ ಬೆಲೆಯನ್ನು ತಾಯಿಯೊಬ್ಬಳೇ ತೆರಬಾರದು ಎಂಬ ಪಾಠವನ್ನೂ ಅಷ್ಟೇ ಸ್ಪಷ್ಟವಾಗಿ ಕಲಿಸುತ್ತದೆ. ಮಗುವಿನ ಬೆಳವಣಿಗೆಯ ಬಗ್ಗೆ ಮಾತನಾಡುವ ಶಿಕ್ಷಕರೂ ವೈದ್ಯರೂ ಬಂಧುಗಳೂ ಇನ್ನು ಮುಂದೆ ತಾಯಿಯ ಕ್ಷೇಮವನ್ನು ಅದೇ ಮಾತಿನ ಭಾಗವಾಗಿ ಕೇಳಬೇಕು.