ಧಾರಣೆಗಿರುವ ನಿಖರತೆ ಕೈದಿಯ ಸುದ್ದಿಗೂ ಬೇಕು

ತಿಪಟೂರಿನ ಎಪಿಎಂಸಿ ಪ್ರಾಂಗಣದಲ್ಲಿ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹುಡುಕುವುದು ಕೊಬ್ಬರಿ ಧಾರಣೆಯನ್ನು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಅದನ್ನೇ ಹರಾಜಿನ ಬೆಲೆಯೆಂದು ಅಚ್ಚುಹಾಕಿದರೆ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬೆಳೆಗಾರರು ಸುಮ್ಮನಿರುವುದಿಲ್ಲ. ಬೆಂಬಲ ಬೆಲೆ ಬೇರೆ, ಹರಾಜಿನ ಬೆಲೆ ಬೇರೆ ಎಂಬುದು ತೆಂಗಿನ ಸೀಮೆಯ ಮಕ್ಕಳಿಗೂ ಗೊತ್ತು. ಆರೋಪಿ ಬೇರೆ, ಅಪರಾಧಿ ಬೇರೆ ಎಂಬುದೂ ಇಷ್ಟೇ ಸರಳ. ಆದರೆ ಅದನ್ನು ಸುದ್ದಿಮನೆಗಳು ಮತ್ತೆ ಮತ್ತೆ ಮರೆಯುತ್ತವೆ, ಓದುಗರೂ ತಕರಾರು ತೆಗೆಯುವುದಿಲ್ಲ.

ಈ ಮರೆವಿನ ಬೆಲೆ ತೆತ್ತವರಲ್ಲಿ ಪತ್ರಕರ್ತರೊಬ್ಬರೂ ಇದ್ದಾರೆ. 2012ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರು ಪೊಲೀಸರು ಡೆಕ್ಕನ್ ಹೆರಾಲ್ಡ್ ವರದಿಗಾರ ಮುತಿಉರ್ ರಹಮಾನ್ ಸಿದ್ದಿಕಿ ಅವರನ್ನು ಭಯೋತ್ಪಾದನೆಯ ಸಂಚಿನ ಆರೋಪದಲ್ಲಿ ಬಂಧಿಸಿದರು. ಆರೋಪಪಟ್ಟಿ ಬರುವ ಮೊದಲೇ ಅವರಿಗೆ 'ಮಾಸ್ಟರ್‌ಮೈಂಡ್' ಎಂಬ ಪಟ್ಟ ಸಿಕ್ಕಿತು. 'ಪೊಲೀಸರ ಪ್ರಕಾರ' ಎಂಬ ಎರಡು ಪದಗಳು ಹಲವು ವರದಿಗಳಿಂದ ಜಾರಿಹೋದವು. 2013ರ ಫೆಬ್ರುವರಿಯಲ್ಲಿ ಎನ್‌ಐಎ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಸುಮಾರು ಆರು ತಿಂಗಳ ಸೆರೆವಾಸದ ನಂತರ ಅವರು ಹೊರಬಂದರು.

ಜೈಲಿನೊಳಗಿನ ನಡವಳಿಕೆಯ ವರದಿಗಾರಿಕೆ ಇನ್ನೂ ವಾರೆ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನ ಹುಲ್ಲುಹಾಸಿನ ಮೇಲೆ, ಕೊಲೆ ಆರೋಪದಲ್ಲಿ ಸೆರೆಯಲ್ಲಿದ್ದ ನಟ ದರ್ಶನ್ ಕುರ್ಚಿ ಹಾಕಿಕೊಂಡು ಸಿಗರೇಟು ಹಿಡಿದು ಕೂತ ಚಿತ್ರ ಹೊರಬಿತ್ತು. ಅದರ ಪ್ರಕಟಣೆ ಸರಿಯಾದ ಪತ್ರಿಕಾಧರ್ಮ: ಸಿಬ್ಬಂದಿ ಅಮಾನತಾದರು, ದರ್ಶನ್ ಬಳ್ಳಾರಿ ಜೈಲಿಗೆ ಹೋದರು. ಆದರೆ ಆಮೇಲೆ ಕ್ಯಾಮೆರಾ ಅವರ ಊಟ, ದಿಂಬು, ಟಿವಿಯ ಹಿಂದೆಯೇ ಓಡಿತು. ಎನ್‌ಸಿಆರ್‌ಬಿಯ 2022ರ ಲೆಕ್ಕದಂತೆ ದೇಶದ 5,73,220 ಕೈದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು. ಅವರ ಹಾಸಿಗೆ, ಔಷಧಿ, ವಕೀಲರ ಭೇಟಿಯ ಬಗ್ಗೆ ಅದರ ನೂರರಲ್ಲೊಂದು ಭಾಗ ಸಮಯವೂ ಸಿಗಲಿಲ್ಲ.

ಸುದ್ದಿಯೇ ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ನೇಹಲತಾ ರೆಡ್ಡಿ ಸಾಕ್ಷಿ. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾಡು ಕಂಡಿದ್ದ ಈ ಕಲಾವಿದೆಯನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿಟ್ಟರು. ತೀವ್ರ ಉಬ್ಬಸವಿತ್ತು. ಬಂಧನಕ್ಕೆ ನೆಪವಾದ ಬರೋಡಾ ಡೈನಮೈಟ್ ಪ್ರಕರಣದ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ತುರ್ತು ಪರಿಸ್ಥಿತಿಯ ಸೆನ್ಸಾರ್ ಹಿಡಿತದಲ್ಲಿದ್ದ ಪತ್ರಿಕೆಗಳು ಅವರ ಸ್ಥಿತಿಯನ್ನು ಹೇಳುವಂತಿರಲಿಲ್ಲ. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು, 20ರಂದು ತೀರಿಕೊಂಡರು. ಜೈಲಿನಲ್ಲಿ ಅವರು ಬರೆದ ದಿನಚರಿ ಬೆಳಕು ಕಂಡಿದ್ದು ಆನಂತರ.

ಪ್ಯಾಲೆಸ್ಟೀನ್ ಕೈದಿಗಳ ಸುದ್ದಿಯನ್ನು ಅಳೆಯಲೂ ಇದೇ ತಕ್ಕಡಿ ಬೇಕು. 2023ರ ನವೆಂಬರ್ ಕದನವಿರಾಮದಲ್ಲಿ ಇಸ್ರೇಲ್ 240 ಪ್ಯಾಲೆಸ್ಟೀನಿಯರನ್ನು ಬಿಟ್ಟಿತು. ಅವರು ಮಹಿಳೆಯರು ಮತ್ತು ಹದಿಹರೆಯದವರು. ಅನೇಕರಿಗೆ ಯಾವ ನ್ಯಾಯಾಲಯವೂ ಶಿಕ್ಷೆ ವಿಧಿಸಿರಲಿಲ್ಲ. ಅಲ್ಲಿನ 'ಆಡಳಿತಾತ್ಮಕ ಬಂಧನ'ದಲ್ಲಿ ಆರೋಪ ಹೊರಿಸದೆ ಆರಾರು ತಿಂಗಳು ವಿಸ್ತರಿಸುತ್ತ ಹೋಗಬಹುದು. ಹೀಗಿದ್ದೂ ಗಾಜಾದಲ್ಲಿ ಹಮಾಸ್ ಸೆರೆಯಲ್ಲಿದ್ದವರು 'ಒತ್ತೆಯಾಳು', ಇವರೆಲ್ಲ ಸಾರಾಸಗಟಾಗಿ 'ಕೈದಿ' ಎಂದು ಬರೆದರೆ ಓದುಗನಿಗೆ ಅರ್ಧ ಸತ್ಯವಷ್ಟೇ ತಲುಪುತ್ತದೆ. ಹಮಾಸ್ ಒತ್ತೆಯಾಳುಗಳಿಗೆ ಕೊಟ್ಟ ಹಿಂಸೆಯನ್ನು ಮುಚ್ಚಿಟ್ಟು ಬರೆದರೂ ಅಷ್ಟೇ. ಇಸ್ರೇಲಿನ ಸ್ದೇ ತೈಮಾನ್ ಬಂಧನ ಶಿಬಿರದಲ್ಲಿ ಸೈನಿಕರು ಪ್ಯಾಲೆಸ್ಟೀನ್ ಕೈದಿಯೊಬ್ಬನಿಗೆ ಕೊಟ್ಟರೆನ್ನಲಾದ ಹಿಂಸೆಯ ವಿಡಿಯೊ ಸೋರಿಕೆಗೆ ಅನುಮತಿ ಕೊಟ್ಟಿದ್ದಾಗಿ ಒಪ್ಪಿ ಇಸ್ರೇಲಿ ಸೇನೆಯ ಮುಖ್ಯ ಕಾನೂನು ಅಧಿಕಾರಿ 2025ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟಾಗ, ಚರ್ಚೆಯೆಲ್ಲ ಸೋರಿಕೆಯ ಸುತ್ತ ನಡೆಯಿತು. ಆ ಕೈದಿಗೆ ಏನಾಯಿತು ಎಂಬ ಮೂಲ ಪ್ರಶ್ನೆ ಹಿಂದೆ ಬಿತ್ತು.

ಪರಪ್ಪನ ಅಗ್ರಹಾರವಾಗಲಿ ಸ್ದೇ ತೈಮಾನ್ ಆಗಲಿ, ಓದುಗರು ಕೇಳಬೇಕಾದ್ದು ಮೂರೇ ಪ್ರಶ್ನೆ. ಶಿಕ್ಷೆ ಆಗಿದೆಯೋ, ಆರೋಪವಷ್ಟೇ ಇದೆಯೋ? ಈ ಮಾತು ಹೇಳಿದ್ದು ಯಾರು? ಕೈದಿಯ ವಕೀಲರನ್ನು, ಮನೆಯವರನ್ನು ಕೇಳಿದ್ದಾರೆಯೇ? ಧಾರಣೆಯಲ್ಲಿ ನೂರು ರೂಪಾಯಿ ಹೆಚ್ಚುಕಮ್ಮಿಯಾದರೆ ಸಂಪಾದಕರಿಗೆ ಫೋನ್ ಮಾಡುವ ಓದುಗರು, 'ಆರೋಪಿ' ಎಂದಿರಬೇಕಾದಲ್ಲಿ 'ಉಗ್ರ' ಎಂದು ಅಚ್ಚಾದ ದಿನವೂ ದಯವಿಟ್ಟು ಫೋನ್ ಎತ್ತಿಕೊಳ್ಳಲಿ.