ಪರಹಸ್ತಕ್ಕೆ ಹೋಗುವ ಕಂಪ್ಯೂಟರ್

ಮಲೇಷಿಯಾದ ಪೆಟಾಲಿಂಗ್ ಜಯಾದ ವಸತಿಬೀದಿಗಳಲ್ಲಿ ‘ಸುರಾತ್ ಖಬರ್ ಲಾಮಾ’ ಎಂದು ಧ್ವನಿವರ್ಧಕದಲ್ಲಿ ಸಾರುತ್ತ ಹಳೆಯ ವೃತ್ತಪತ್ರಿಕೆಗಳನ್ನು ಕೊಳ್ಳಲು ಬರುವ ಸಣ್ಣ ಲಾರಿಗೆ ಇಂದು ಕಾಗದದ ಕಟ್ಟುಗಳ ಜೊತೆಯಲ್ಲಿ ಕೆಟ್ಟ ಬ್ಯಾಟರಿ, ಹಳೆಯ ಫ್ಯಾನು, ಕಂಪ್ಯೂಟರುಗಳೂ ಏರುತ್ತವೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲಂತೂ, ದೇಹದಲ್ಲಿ ಗಟ್ಟಿಮುಟ್ಟಾಗಿದ್ದೂ ಮುಂದಿನ ಆವೃತ್ತಿಗೆ ಅರ್ಹವಲ್ಲವೆನಿಸಿಕೊಂಡ ಯಂತ್ರಗಳು ಮನೆಮನೆಗಳಲ್ಲಿ ಮೂಲೆಗೆ ಸರಿದಿವೆ; ಒಪ್ಪಂದದ ಅವಧಿ ತೀರಿ ಬೆಂಗಳೂರಿಗೋ ಮೈಸೂರಿಗೋ ಹಿಂತಿರುಗುವ ನಮ್ಮ ಕುಟುಂಬಗಳು ಮಂಚ, ಸೋಫಾ, ವಾಷಿಂಗ್ ಮೆಷೀನುಗಳೊಡನೆ ಅವುಗಳನ್ನೂ ಬಂದ ಬೆಲೆಗೆ ಕೊಟ್ಟುಬಿಡುತ್ತವೆ. ‘ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿ ಕೊಟ್ಟರಾಯಿತು’ ಎಂಬುದು ಈ ವಿಲೇವಾರಿಯ ಸರ್ವಸಮ್ಮತವಾದ ರೂಢಿ. ಆ ರೂಢಿಯ ಗುಣದೋಷಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದ್ದು, ನನ್ನ ಅಭಿಪ್ರಾಯವು ಅದಕ್ಕೆ ಅನುಕೂಲವಾಗಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ.

ಪರದೇಶದಲ್ಲಿ ಸಂಸಾರ ಹೂಡಿದವನ ಕಂಪ್ಯೂಟರಿನಲ್ಲಿ ಏನೇನಿರುತ್ತದೆಂಬುದನ್ನು ಒಮ್ಮೆ ನೋಡಬೇಕು. ಅವನ ಪಾಸ್‌ಪೋರ್ಟಿನ ಪ್ರತಿ, ಎಂಪ್ಲಾಯ್‌ಮೆಂಟ್ ಪಾಸು, ಸಂಬಳದ ಚೀಟಿಗಳಿರುವುದು ಸಹಜವೇ; ಆದರೆ ಅವುಗಳ ಪಕ್ಕದಲ್ಲಿಯೇ ಊರಿನಲ್ಲಿರುವ ತಂದೆಯ ಆಧಾರ್, ತಾಯಿಯ ಶಸ್ತ್ರಚಿಕಿತ್ಸೆಯ ವರದಿ, ದಾಯಾದಿಗಳೊಡನೆ ಇನ್ನೂ ತೀರದಿರುವ ಜಮೀನಿನ ಪಹಣಿ, ವರಾನ್ವೇಷಣೆಗೆಂದು ಕಳುಹಿಸಿದ್ದ ತಂಗಿಯ ಜಾತಕವೂ ಇರುತ್ತವೆ. ಬಾಡಿಗೆಯ ಕರಾರುಪತ್ರದಲ್ಲಿ ಮನೆಯ ಮಾಲೀಕರ ಮೈಕಾಡ್ ಎಂಬ ಗುರುತಿನ ಚೀಟಿಯ ಹನ್ನೆರಡಂಕಿಯ ಸಂಖ್ಯೆಯಿದೆ. ಅದರ ಮೊದಲ ಆರು ಅಂಕಿಗಳು ಅವರ ಜನ್ಮದಿನವನ್ನೂ ಮುಂದಿನ ಎರಡು ಜನ್ಮಸ್ಥಳವನ್ನೂ ಬಲ್ಲವರಿಗೆ ಹೇಳಿಬಿಡುತ್ತವೆ. ಯಂತ್ರ ನನ್ನದು, ಅದನ್ನು ಹೇಗಾದರೂ ಕೊಡುವೆನೆನ್ನುವ ಹಕ್ಕು ಯಂತ್ರದ ಮಟ್ಟಿಗೆ ಸರಿ. ಅದರೊಳಗಿನ ಸಂಗತಿಗಳಲ್ಲಿ ಬಹುಭಾಗಕ್ಕೆ ನಾವು ಒಡೆಯರಲ್ಲ. ನಮ್ಮ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಒಳಗೇನಿದೆಯೆಂದು ಹೇಳದೆ ಮುಚ್ಚಿದ ಪಾತ್ರೆಯಲ್ಲಿಟ್ಟು ಮತ್ತೊಬ್ಬನ ಕೈಗೊಪ್ಪಿಸಿದ ದ್ರವ್ಯಕ್ಕೆ ಪ್ರತ್ಯೇಕವಾದ ಒಂದು ಪ್ರಕರಣವೇ ಇದೆ. ಅಂಥದನ್ನು ಇಟ್ಟುಕೊಂಡವನು ಹಾಗೆಯೇ ಹಿಂದಿರುಗಿಸತಕ್ಕದ್ದು. ತಂದೆ ವಾಟ್ಸಾಪಿನಲ್ಲಿ ಕಳುಹಿಸಿದ ಪಹಣಿಯೂ ಮಗನಲ್ಲಿ ಅಂಥದೇ ನಿಕ್ಷೇಪವೆಂದು ನಾನು ಭಾವಿಸುತ್ತೇನೆ.

ಇನ್ನು ಫಾರ್ಮ್ಯಾಟಿನ ವಿಚಾರ. ಅವಸರದ ಫಾರ್ಮ್ಯಾಟು ಯಾವ ಕಡತ ಡಿಸ್ಕಿನ ಯಾವ ಭಾಗದಲ್ಲಿದೆಯೆಂಬ ಪಟ್ಟಿಯನ್ನು ಬರಿದು ಮಾಡುವುದೇ ಹೊರತು ಕಡತಗಳನ್ನು ಮುಟ್ಟುವುದಿಲ್ಲ; ಬೇರೊಂದು ಬರಹ ಅವುಗಳ ಮೇಲೆ ಬೀಳುವವರೆಗೂ ಅವು ಇದ್ದಲ್ಲಿಯೇ ಇರುತ್ತವೆ. ಹಾಗೆ ಫಾರ್ಮ್ಯಾಟಾಗಿ ಬಂದ ಹಳೆಯ ಹಾರ್ಡ್‌ಡಿಸ್ಕೊಂದರ ಮೇಲೆ, ಉಚಿತವಾಗಿ ದೊರೆಯುವ ಫೋಟೋರೆಕ್ ಎಂಬ ಸಾಧನವನ್ನು ಹರಿಯಬಿಟ್ಟು ಅದರ ಕಾರ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಪಟ್ಟಿಯನ್ನು ಕೇಳುವುದೇ ಇಲ್ಲ. ಡಿಸ್ಕನ್ನು ತುದಿಯಿಂದ ತುದಿಗೆ ಓದುತ್ತ, ಚಿತ್ರವೊಂದರ ಆರಂಭದ ಗುರುತು ಕಂಡಲ್ಲಿ ಚಿತ್ರವನ್ನೂ ದಸ್ತಾವೇಜಿನ ಗುರುತು ಕಂಡಲ್ಲಿ ದಸ್ತಾವೇಜನ್ನೂ ಹೆಕ್ಕಿ, ಹಳೆಯ ಹೆಸರು ಅಳಿದುಹೋಗಿರುವ ಕಾರಣ ‘ಎಫ್’ ಅಕ್ಷರದ ಮುಂದೆ ಒಂದು ಉದ್ದನೆಯ ಸಂಖ್ಯೆಯನ್ನಿಟ್ಟು ಸಾಲುಸಾಲಾಗಿ ಜೋಡಿಸುತ್ತದೆ. ಹೆಸರಿಲ್ಲದ ಆ ಕಡತಗಳನ್ನು ತೆರೆದಾಗ ಒಂದರಲ್ಲಿ ನಾಮಕರಣದ ತೊಟ್ಟಿಲು, ಮತ್ತೊಂದರಲ್ಲಿ ಸಹಿ ಮಾಡಿದ ಚೆಕ್ಕಿನ ಛಾಯೆ. ವಿಂಡೋಸಿನ ‘ರೀಸೆಟ್’ ವಿಧಾನದಲ್ಲಿ ಎಲ್ಲವನ್ನೂ ತೆಗೆದುಹಾಕೆಂದು ಆಜ್ಞಾಪಿಸಿದರೂ, ಡೇಟಾವನ್ನು ಶುದ್ಧಗೊಳಿಸುವ ಆಯ್ಕೆಯು ಒಳಗಿನ ಸೆಟ್ಟಿಂಗ್ಸಿನಲ್ಲಿದ್ದು, ಬಳಕೆದಾರನು ತಾನಾಗಿಯೇ ಹೋಗಿ ಒತ್ತದಿದ್ದರೆ ನಿಷ್ಕ್ರಿಯವಾಗಿಯೇ ಉಳಿಯುತ್ತದೆ. ಇದು ರಚನಕಾರರ ದೋಷವೆಂದೇ ನನ್ನ ಮತ.

ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್ ಎಂಬಿಬ್ಬರು ಸಂಶೋಧಕರು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ 158 ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಶುದ್ಧಗೊಂಡಿದ್ದವು ಕೇವಲ 12. ಉಳಿದವುಗಳಲ್ಲಿ ಐದು ಸಾವಿರಕ್ಕೂ ಮಿಕ್ಕ ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ದೊರೆತವು. ಅಂದಿನ ಅಜ್ಞಾನ ಇಂದು ಕಳೆದಿದೆಯೆನ್ನೋಣವೇ? ಗ್ರಾಹಕರ ಮಾಹಿತಿಯಿದ್ದ ಸಾವಿರಾರು ಡಿಸ್ಕುಗಳ ವಿಲೇವಾರಿಯನ್ನು ಆ ವಿದ್ಯೆಯ ಗಂಧವೇ ಇಲ್ಲದ ಸಾಗಾಟದ ಕಂಪನಿಯೊಂದಕ್ಕೆ ವಹಿಸಿದ್ದಕ್ಕಾಗಿ ಮಾರ್ಗನ್ ಸ್ಟ್ಯಾನ್ಲಿ ಸಂಸ್ಥೆಯು 2022ರಲ್ಲಿ ಮೂರೂವರೆ ಕೋಟಿ ಡಾಲರ್ ದಂಡ ತೆರಲು ಒಪ್ಪಬೇಕಾಯಿತು.

ಈ ಭಯದಿಂದ ಹುಟ್ಟಿದ ಪ್ರತಿಕ್ರಿಯೆಗಳಲ್ಲಿಯೂ ವಿವೇಕ ಸಾಲದು. 1996ರಲ್ಲಿ ಪೀಟರ್ ಗಟ್‌ಮನ್ ಅವರು ಅಂದಿನ ನಾನಾ ಬಗೆಯ ಕಾಂತೀಯ ಡಿಸ್ಕುಗಳನ್ನೆಲ್ಲ ಗಮನದಲ್ಲಿಟ್ಟು ಸೂಚಿಸಿದ ಮೂವತ್ತೈದು ಬಾರಿಯ ಮೇಲುಬರಹವನ್ನು ಇಂದಿನ ಡಿಸ್ಕಿಗೂ ವ್ರತದಂತೆ ಆಚರಿಸುವವರಿದ್ದಾರೆ. ಕಾಂತೀಯ ಡಿಸ್ಕಿಗೆ ಪೂರ್ಣವಾದ ಒಂದೇ ಮೇಲುಬರಹ ಸಾಕು. ಎಸ್‌ಎಸ್‌ಡಿಯಾದರೋ ಬೇರೆ ಜಾತಿ. ಅದರ ನಿಯಂತ್ರಕವು ಸವೆತವನ್ನು ಸಮನಾಗಿ ಹಂಚಲೆಂದು ಹೊಸ ಬರಹವನ್ನು ಬೇರೆಡೆಗೆ ಕೊಂಡೊಯ್ಯುವುದರಿಂದ, ಒಂದು ಕಡತದ ಮೇಲೆ ಎಷ್ಟು ಬಾರಿ ಬರೆದರೂ ಹಳೆಯದರ ಅವಶೇಷ ಉಳಿಯಬಹುದೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೋ ಶಾಖೆಯವರು 2011ರಲ್ಲಿ ತೋರಿಸಿಕೊಟ್ಟರು. ಮತ್ತೆ ಕೆಲವರು ಡ್ರಿಲ್ಲಿನಿಂದ ತೂತು ಕೊರೆಯುತ್ತಾರೆ. ಕೆಟ್ಟ ಡಿಸ್ಕಿಗೆ ಅದು ಕ್ಷಮ್ಯ. ಬಡ ವಿದ್ಯಾರ್ಥಿಯೊಬ್ಬನಿಗೆ ಇನ್ನೆಷ್ಟೋ ಕಾಲ ಉಪಯೋಗಕ್ಕೆ ಬರಬಹುದಾದ ಯಂತ್ರವನ್ನು ಹಾಗೆ ಹಾಳುಮಾಡುವುದು ನನಗೆ ನೋವಿನ ಸಂಗತಿ.

ಇವೆಲ್ಲಕ್ಕಿಂತ ಶ್ರೇಷ್ಠವಾದ ಕ್ರಮವು ಯಂತ್ರ ಮನೆಗೆ ಬಂದ ದಿನವೇ ಆರಂಭವಾಗತಕ್ಕದ್ದು. ವಿಂಡೋಸಿನ ಬಿಟ್‌ಲಾಕರ್ ಅಥವಾ ಆ್ಯಪಲ್‌ನ ಫೈಲ್‌ವಾಲ್ಟ್‌ನಿಂದ ಇಡೀ ಡಿಸ್ಕನ್ನು ಗೂಢಲಿಪಿಗೆ ಒಳಪಡಿಸಿದ್ದಾದರೆ, ಬಿಟ್ಟುಕೊಡುವ ದಿನ ಕೀಲಿಯನ್ನು ನಾಶಮಾಡಿದೊಡನೆ ಉಳಿದುದೆಲ್ಲ ಅರ್ಥಹೀನ ಅಂಕಿಗಳ ರಾಶಿ. ಆ್ಯಪಲ್‌ನ ಹೊಸ ಯಂತ್ರಗಳಲ್ಲಿ ಎಲ್ಲವನ್ನೂ ಅಳಿಸುವ ಒಂದೇ ಗುಂಡಿ ಮಾಡುವ ಕೆಲಸವೂ ಇದೇ. ಬಹುಕಾಲ ಬಳಸಿದ ಯಂತ್ರದಲ್ಲಿ ಬಿಟ್‌ಲಾಕರನ್ನು ಈಗ ಹೂಡುವವರು, ಬಳಸಿದ ಜಾಗಕ್ಕೆ ಮಾತ್ರವೆಂಬ ಶೀಘ್ರಮಾರ್ಗವನ್ನು ಬಿಟ್ಟು ಇಡೀ ಡಿಸ್ಕನ್ನು ಆರಿಸಬೇಕು. ಅಳಿಸಿದೆವೆಂದುಕೊಂಡ ಹಳೆಯ ಕಡತಗಳು ಅಡಗಿರುವುದು ಖಾಲಿಯೆಂದು ಕಾಣುವ ಜಾಗದಲ್ಲಿಯೇ. ಬಿಟ್‌ಲಾಕರಿನ ಚೇತರಿಕೆಯ ಕೀಲಿಯು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುವುದುಂಟು. ಯಂತ್ರವನ್ನು ಖಾತೆಯಿಂದ ಬೇರ್ಪಡಿಸುವುದನ್ನು ಮರೆಯಬಾರದು.

ಮಲೇಷಿಯಾದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2010ರಲ್ಲಿ ರಚಿತವಾಗಿ 2013ರ ನವೆಂಬರ್ 15ರಿಂದ ಜಾರಿಯಲ್ಲಿರುವ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆಯ ಹತ್ತನೆಯ ವಿಧಿಯು, ಉದ್ದೇಶ ತೀರಿದ ಮಾಹಿತಿಯನ್ನು ಶಾಶ್ವತವಾಗಿ ಅಳಿಸತಕ್ಕದ್ದೆಂದು ವ್ಯಾಪಾರಸ್ಥರಿಗೆ ವಿಧಿಸುತ್ತದೆ. 2024ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿದೆ. ಆದರೆ ಕುಟುಂಬದ ವ್ಯವಹಾರಕ್ಕಾಗಿ ವ್ಯಕ್ತಿಯು ಇಟ್ಟುಕೊಂಡ ಮಾಹಿತಿಗೆ ಅದರಲ್ಲಿ ವಿನಾಯಿತಿಯಿದೆ. ಮನೆಯ ಕಪಾಟಿಗೆ ಇನ್‌ಸ್ಪೆಕ್ಟರನ್ನು ಕಳುಹಿಸಲಾಗದಾದ್ದರಿಂದ ವಿನಾಯಿತಿ ನ್ಯಾಯವೇ; ಆದಾಗ್ಯೂ ತಂಗಿಯ ಜಾತಕಕ್ಕೆ ಅಣ್ಣನ ಎಚ್ಚರವಲ್ಲದೆ ಬೇರೆ ರಕ್ಷಣೆಯಿಲ್ಲ. ಇನ್ನು ಇಲ್ಲಿಯ 2005ರ ತ್ಯಾಜ್ಯ ನಿಯಮಾವಳಿಯ ಚಿಂತೆಯೆಲ್ಲ ಸೀಸ, ಕ್ಯಾಡ್ಮಿಯಮ್ಮುಗಳದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ 2017ರ ಆಗಸ್ಟ್ 24ರಂದು ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತಷ್ಟೆ. ಆ ತೀರ್ಪಿನ ಬಗೆಗೆ ಅಭಿಮಾನಪಡುವ ನಾವು ನಮ್ಮವರ ಖಾಸಗಿತನವನ್ನು ಲಾರಿಯವನ ಕೈಗೆ ಹಾಕುವುದು ಸಲ್ಲದು.

ಆದುದರಿಂದ ಫ್ಲ್ಯಾಟುಗಳ ನಿವಾಸಿಸಂಘಗಳು ಹಳೆಯ ಯಂತ್ರಗಳನ್ನು ಸಂಗ್ರಹಿಸುವ ದಿನಗಳಲ್ಲಿ ಒಂದು ಮೇಜನ್ನು ಹೆಚ್ಚಾಗಿ ಹಾಕಿಸಬೇಕೆಂದು ನನ್ನ ಸಲಹೆ. ಬಲ್ಲ ಯುವಕರಿಬ್ಬರು ಅಲ್ಲಿ ಕುಳಿತು, ಒಡೆಯನ ಕಣ್ಣೆದುರಿನಲ್ಲಿಯೇ ಡಿಸ್ಕನ್ನು ಅದರ ಜಾತಿಗೆ ತಕ್ಕಂತೆ ಅಳಿಸಿ, ಮರಳಿ ಪಡೆಯಲು ತಾವೇ ಯತ್ನಿಸಿ ಏನೂ ಬಾರದೆಂಬುದನ್ನು ತೋರಿಸಿ, ಬಳಿಕವೇ ಯಂತ್ರವನ್ನು ತೆಗೆದುಕೊಳ್ಳಲಿ. ಅಳಿಸಲಾಗದಷ್ಟು ಕೆಟ್ಟಿರುವ ಡಿಸ್ಕನ್ನು ಬಿಚ್ಚಿ ಒಡೆಯನ ಕೈಗೇ ಕೊಡಲಿ.